ಓರೆ ಹಿಡಿದ ಹಾಳೆ

ಭೌತಶಾಸ್ತ್ರದ ಮೇಷ್ಟ್ರಿಗೆ ಮಕ್ಕಳು ಹದ್ದು ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಪರೀಕ್ಷೆಯಲ್ಲಿ ತಮ್ಮ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಳ್ಳುತ್ತಿದ್ದರು.

ಸೋಮವಾರದ ಪರೀಕ್ಷೆಯಲ್ಲಿ ಮೂರನೇ ಬೆಂಚಿನ ಹುಡುಗಿ, ದರ್ಜಿಯಮ್ಮನ ಮಗಳು, ಮೊದಲ ಲೆಕ್ಕ ಮಾಡುವಾಗಲೇ ಉತ್ತರದ ಹಾಳೆಯನ್ನು ಓರೆಯಾಗಿ ತಿರುಗಿಸತೊಡಗಿದಳು. ಹಿಂದಿನವಳಿಗೆ ತೋರಿಸಲಲ್ಲದೆ ಇನ್ನೇಕೆ? ಅವಳು ಆ ಲೆಕ್ಕ ಮುಗಿಸುತ್ತಿದ್ದಂತೆ ಮೇಷ್ಟ್ರು ಹಾಳೆ ಕಿತ್ತುಕೊಂಡರು.

"ಕಾಪಿ ಮಾಡಿಸೋದೂ ಕಳ್ಳತನಾನೇ. ನಡಿ ಆಚೆ!"

ಅವಳು ಏನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಬಿಡಲಿಲ್ಲ. ಸಂಜೆ ಅವಳ ತಾಯಿಯನ್ನು ಕರೆಸಿ ದೂರು ಹೇಳಿದ್ದೂ ಆಯಿತು.

ಗುರುವಾರ ಹಾಳೆ ತಿದ್ದುವಾಗ, ಅವಳಿಗೆ ಸೊನ್ನೆ ಸುತ್ತುವ ಮುಂಚೆ ಸುಮ್ಮನೆ ಕಣ್ಣಾಡಿಸಿದರು. ಇಳಿಜಾರಿನ ಬುಡದಿಂದ ಮೇಲಕ್ಕೆಸೆದ ಚೆಂಡು ಆ ಇಳಿಜಾರಿನ ಮೇಲೆ ಎಷ್ಟು ದೂರ ಹೋಗಿ ಬೀಳುತ್ತದೆ ಎಂಬುದು ಲೆಕ್ಕ. ಉಳಿದವರೆಲ್ಲ ಮೇಷ್ಟ್ರು ಹೇಳಿಕೊಟ್ಟಂತೆ ಅಡ್ಡಕ್ಕೊಂದು, ಲಂಬಕ್ಕೊಂದು ಸಮೀಕರಣ ಬರೆದು, ಅರ್ಧ ಜನ ನಡುದಾರಿಯಲ್ಲೇ ಮುಗ್ಗರಿಸಿದ್ದರು. ಇವಳು ಇಳಿಜಾರನ್ನೇ ನೆಲವೆಂದುಕೊಂಡಿದ್ದಳು. ಹಾಗಾದಾಗ ಓರೆಯಾಗುವುದು ಗುರುತ್ವ. ಅದನ್ನು ಇಳಿಜಾರಿನುದ್ದಕ್ಕೆ ಒಂದು ಪಾಲು, ಅದಕ್ಕೆ ಲಂಬವಾಗಿ ಒಂದು ಪಾಲು ಎಂದು ಒಡೆದಿದ್ದಳು. ಎರಡೂ ಬದಲಾಗದ ವೇಗೋತ್ಕರ್ಷಗಳೇ. ಲಂಬದ ಪಾಲಿನಿಂದ ಕಾಲ, ಇನ್ನೊಂದರಿಂದ ದೂರ. ಐದೇ ಸಾಲಿನಲ್ಲಿ ಸರಿಯುತ್ತರ! ಅವಳ ಚಿತ್ರ ಅರ್ಥವಾಗಲು ಮೇಷ್ಟ್ರೂ ಹಾಳೆಯನ್ನು ಓರೆಯಾಗಿ ತಿರುಗಿಸಬೇಕಾಯಿತು. ತಿರುಗಿಸಿದ ಕೈ ಅಲ್ಲೇ ನಿಂತಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಈ ದಾರಿ ಹಿಂದಿನವಳ ಹಾಳೆಯಲ್ಲಿರಲಿ, ಇಡೀ ತರಗತಿಯಲ್ಲಿ ಯಾರ ಹಾಳೆಯಲ್ಲೂ ಇರಲಿಲ್ಲ. ನಾಚಿಕೆಯಿಂದ ಮೇಷ್ಟ್ರ ಕಿವಿ ಬಿಸಿಯಾಯಿತು.

ಮರುದಿನ ಅವಳನ್ನು ಕರೆದರು. ಬೈಯಲು ಇಡೀ ತರಗತಿ ಬೇಕಾಗಿತ್ತು, ತಪ್ಪೊಪ್ಪಿಕೊಳ್ಳಲು ವರಾಂಡದ ಮೂಲೆ ಸಾಕಾಯಿತು ನೋಡಿ!

"ಆ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟಿದೀನಮ್ಮ. ಉಳಿದದ್ದಕ್ಕೆ ಬೇರೆ ಪರೀಕ್ಷೆ ಕೊಡ್ತೀನಿ. ಕ್ಲಾಸಲ್ಲೂ ಹೇಳ್ತೀನಿ."

ಹುಡುಗಿ ತಲೆ ಎತ್ತಲಿಲ್ಲ. "ಕ್ಲಾಸಲ್ಲಿ ಆಮೇಲೆ ಹೇಳಿ ಸರ್. ಮೊದಲು ನಮ್ಮಮ್ಮಂಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ. ಮೇಷ್ಟ್ರು ಸುಳ್ಳು ಹೇಳ್ತಾರೇನೆ ಅಂತ ಅವತ್ತೇ ಅಂದ್ಬಿಟ್ರು."

ಸಂಜೆ ಇಬ್ಬರೂ ದರ್ಜಿ ಅಂಗಡಿಗೆ ಹೋದರು. ಮೇಷ್ಟ್ರನ್ನು ಕಂಡದ್ದೇ ತಾಯಿ ಹೊಲಿಗೆ ನಿಲ್ಲಿಸಿ ಎದ್ದಳು. ತಾನು ಕೂತಿದ್ದ ಸ್ಟೂಲನ್ನೇ ತುಂಡುಬಟ್ಟೆಯಿಂದ ಒರೆಸಿ ಮುಂದಿಟ್ಟಳು.

"ಕೂತ್ಕೊಳ್ಳಿ ಸರ್. ಮತ್ತೇನು ಮಾಡಿದ್ಲು ಇವಳು?"

ಮೇಷ್ಟ್ರಿಗೆ ಕೂರಲಾಗಲಿಲ್ಲ. "ಅವಳೇನೂ ಮಾಡಿಲ್ಲಮ್ಮ. ಕಾಪಿ ಮಾಡಿಸ್ಲೇ ಇಲ್ಲ. ಅವಳು ಬರೆದದ್ದು ಸರಿ ಇತ್ತು, ನಾನೇ ತಪ್ಪು ತಿಳ್ಕೊಂಡೆ."

ತಾಯಿ ಮಗಳ ಮುಖ ನೋಡಿದಳು. ಮಗಳು ಬಾಗಿಲಲ್ಲೇ ನಿಂತಿದ್ದಳು.

"ಸೋಮವಾರದಿಂದ ಇವಳ ಹತ್ರ ಒಂದು ಮಾತೂ ಆಡಿಲ್ಲ ಸರ್ ನಾನು," ಎಂದಳು ತಾಯಿ. "ನೀವು ಹೇಳಿದ್ರಿ ಅಂತ."