ಸಾಲಿನ ಬಾಲ

ಶಬೀನಾ ಬಾಗಿಲಿಗೆ ಅಡ್ಡ ಕೈ ಇಟ್ಟಳು. ಶವ ಒಯ್ಯುವ ಜನಾಜಾದ ಮಂಚ ಹೊತ್ತು ತಂದವರು ಹೊಸ್ತಿಲ ಹೊರಗೇ ನಿಂತರು.

"ಇನ್ನೂ ಹೆಂಗಸರು ಮುಖಾ ನೋಡೋದೈತ್ರಿ."

"ನೋಡಿದಷ್ಟೂ ಸಾಲು ಬೆಳ್ಯಾಕ್ಹತ್ತೈತಿ," ಗಂಡ ಯುನೂಸ್ ಸಿಡುಕಿದ. "ಸಂಜಿ ಅಸರ್ ನಮಾಜಿಗೆ ಮಸೂತಿ ಮುಟ್ಟಬೇಕು. ಉಳದವರನ್ನ ವಾಪಸ್ ಕಳಸು."

"ಎತ್ತರಿ, ಎತ್ತರಿ!" ಅಂಗಳದಿಂದ ಮಾವ ಅಬ್ದುಲಮಜೀದರ ದನಿ. ಬೆಳಗಿನಿಂದ ಅವರು ಕೂತಿರಲಿಲ್ಲ. ಕುರ್ಚಿ, ನೀರು, ಬಂದವರಿಗೆ ಚಹಾ ಎಂದು ಓಡಾಡುತ್ತಲೇ ಇದ್ದರು. ಹೆಂಡತಿಯ ಶವ ಮಲಗಿಸಿದ್ದ ಕೋಣೆಗೆ ಮಾತ್ರ ಕಾಲಿಟ್ಟಿರಲಿಲ್ಲ.

ಸಾಲು ಹಿಟ್ಟಿನ ಗಿರಣಿ ಮುಟ್ಟಿತ್ತು. ಅತ್ತೆ ರೇಷ್ಮಾಬಿ ಅಣ್ಣಿಗೇರಿಯ ಶಾಲೆಯಲ್ಲಿ ಕಲಿಸಿದ ಹುಡುಗಿಯರೆಲ್ಲ ಈಗ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದರು.

*

ಹಿಂದಿನ ಲೋಕಸಭಾ ಚುನಾವಣೆಯಲ್ಲಿ ರೇಷ್ಮಾಬಿ ಕಲಘಟಗಿ ಕಡೆಯ ಒಂದು ಮತಗಟ್ಟೆಯ ಮುಖ್ಯ ಅಧಿಕಾರಿ. ಮರುದಿನ ಮನೆಗೆ ಬಂದವರೇ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿದ್ದರು.

"ಟೈಮ್ ಮುಗೀತು. ಬಿಸಲಿಗೆ ಅಂಜಿ ತಡಾ ಮಾಡಿದ ಹೆಂಗಸರು ಹೊರಗ ಸಾಲು ಹಚ್ಚಿ ನಿಂತಾರ. ಒಬ್ಬಾಂವ ಗೇಟ್ ಹಾಕ್ರಿ ಅಂತಾನ, ಇನ್ನೊಬ್ಬಾಂವ ಬ್ಯಾಡ ಅಂತಾನ. ನಾ ಸಹಿ ಮಾಡಿದ ನಂಬರ್ ಚೀಟಿ ಹಿಡಕೊಂಡು ಸೀದಾ ಹಿಂದ ಹೋದೆ. ಕಟ್ಟಕಡೀ ಹೆಂಗಸಿಗೆ ಮೊದಲನೇ ಚೀಟಿ!"

"ಮುಂದಿನಿಂದ ಕೊಡಬಾರದೇನ್ರಿ?" ಶಬೀನಾ ಕೇಳಿದ್ದಳು.

"ಮುಂದಿನಿಂದ ಕೊಡಕೋತ ಬಂದ್ರ ಹಿಂದ ಬಾಲ ಬೆಳೀತೈತಿ, ಹುಚ್ಚಿ. ಮೊದಲ ಬಾಲ ಹಿಡೀಬೇಕು. ಆವಾಗ ನಿಂತಾಕಿ ಒಬ್ಬಾಕೀನೂ ವಾಪಸ್ ಹೋಗಂಗಿಲ್ಲ."

ಅಬ್ದುಲಮಜೀದರು ಒಳಗೆ ಇಣುಕಿದ್ದರು. "ದೇಶಾ ನಡಸಾಕಿ, ನನಗೊಂದ್ ಚಹಾ ಸಿಗತೈತೇನು?"

"ಸಾಲಿನಾಗ ನಿಂದರ್ರಿ," ಎಂದು ನಕ್ಕಿದ್ದರು ರೇಷ್ಮಾಬಿ.

*

ಶಬೀನಾ ಜನಾಜಾಕ್ಕೆಂದು ತಂದಿದ್ದ ಬಿಡಿ ಮಲ್ಲಿಗೆ ಓಢಣಿಗೆ ಸುರಿದುಕೊಂಡು ಗಿರಣಿಯತ್ತ ನಡೆದಳು. ಸಾಲಿನ ತುದಿಯಲ್ಲಿ, ಆಗಷ್ಟೇ ಗುಡಗೇರಿಯಿಂದ ಬಂದಿದ್ದ ಅನ್ನವ್ವ. ಅತ್ತೆಯ ಜೊತೆ ಅದೇ ಶಾಲೆಯಲ್ಲಿ ಕಲಿಸಿದವಳು.

"ಅಕ್ಕೋರ, ಮೊದಲನೇ ಹೂ ನಿಮಗ. ನಿಮ್ಮ ಹಿಂದ ಇನ್ನ ಯಾರೂ ಇಲ್ಲ."

ಅನ್ನವ್ವ ಅಂಗೈ ನೋಡಿಕೊಂಡಳು. ಕಣ್ಣು ತುಂಬಿಕೊಂಡೇ ನಕ್ಕಳು. "ಅಕೀ ಸೊಸಿ ಖರೇ ಬಿಡು ನೀ."

ಹಿಂದಿನಿಂದ ಮುಂದಕ್ಕೆ ಹೂ ಹಂಚುತ್ತ ಬಂದ ಶಬೀನಾ ಯುನೂಸನೆದುರು ನಿಂತಳು. "ಹೂ ಹಿಡದವರಷ್ಟ. ಸಾಲು ಇನ್ನ ಬೆಳ್ಯಂಗಿಲ್ಲ." ಅವನು ಸಾಲನ್ನೊಮ್ಮೆ ನೋಡಿ ಮಂಚ ಕೆಳಗಿಳಿಸಲು ಹೇಳಿದ.

ಸಾಲು ಕರಗಿತು. ಅನ್ನವ್ವ ಹೊಸ್ತಿಲ ಹತ್ತಿರ ಬಂದಾಗ ಅವಳ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅಬ್ದುಲಮಜೀದರು.

"ನನಗೂ ಒಂದ್ ಹೂ ಕೊಡವಾ."

ಶಬೀನಾ ಓಢಣಿ ಬಿಚ್ಚಿ ತೋರಿಸಿದಳು. ಒಂದೂ ಉಳಿದಿರಲಿಲ್ಲ.

ಅನ್ನವ್ವ ತನ್ನ ಹೂವನ್ನು ಅವರ ಅಂಗೈಗೆ ಹಾಕಿ ಹಿಂದೆ ಸರಿದಳು. "ನನ್ನ ಮುಂದ ನಿಂದರ್ರಿ ಅಣ್ಣಾ. ಬಾಲ ನಾನ ಅದೀನಿ."

ಅವರು ಚಪ್ಪಲಿ ಕಳಚಿದರು. ಟೊಪ್ಪಿಗೆ ಸರಿಮಾಡಿಕೊಂಡರು. ಒಳಗೆ ಮುಖ ನೋಡುತ್ತಿದ್ದ ಹೆಂಗಸು ಹೊರಗೆ ಬರುವವರೆಗೆ, ಹೂ ಮುದುಡದಂತೆ ಮುಷ್ಟಿ ಸಡಿಲ ಹಿಡಿದು, ಹೆಂಗಸರ ಸಾಲಿನಲ್ಲಿ ನಿಂತರು.