ತಂಜಾವೂರಿನ ನಾಲ್ಕು ವರ್ಷ

ಸಹೃದಯರಾದ ವಾಚಕ ಮಹಾಶಯರೇ! ಶವವಾಹನದ ಮುಂಭಾಗಕ್ಕೆ ಬಿಗಿದ ಫ್ಲೆಕ್ಸಿನ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿರುವ ಓರ್ವ ಸುಶಿಕ್ಷಿತ ಯುವತಿಯನ್ನು, ಅದೂ ತಿಕೋಟಾದ ಸ್ಮಶಾನದ ಬಾಗಿಲಲ್ಲಿ, ತಮಗೆ ಪರಿಚಯಿಸಬೇಕಾಗಿ ಬಂದಿರುವುದಕ್ಕೆ ಕ್ಷಮೆಯಿರಲಿ. ಆಕೆ ಪೂನಮ. ವಿಜಯಪುರದ ಒಂದು ದೈನಿಕಕ್ಕೆ ವಾರವಾರವೂ ನೃತ್ಯದ ಅಂಕಣ ಬರೆಯುವವಳು. ಅಜಿತನ ನೃತ್ಯಶಾಲೆಯಲ್ಲಿ ಕಲಿಸುವವಳು. ಬರುವ ಸೋಮವಾರ ಬಬಲೇಶ್ವರದಲ್ಲಿ ತೆರೆಯಲಿರುವ ಅದರ ಹೊಸ ಶಾಖೆ ಆಕೆಯ ಕೈಗೇ ಬರುವುದಿತ್ತು.

“ಗಂಟು ಬಿಗಿ ಐತ್ರಿ ಮೇಡಂ, ಬ್ಲೇಡ್ ಕೊಡ್ಲೇನ್ರಿ?” ಎಂದ ಚಾಲಕ ಮುನಾಫ.

“ಕೊಡ್ರಿ.”

ಅಜಿತ ಧಾವಿಸಿ ಬಂದ. “ಪೂನಮ ಮೇಡಂ, ಏನ್ ಹಚ್ಚೀರಿ ಇದು? ಇನ್ನೂ ಮಣ್ಣಾಗಿಲ್ಲ!”

“ಅದಕ್ಕ ಅವಸರ ಮಾಡಾಕತ್ತೇನ್ರಿ ಸರ.”

ಫ್ಲೆಕ್ಸ್ ಧೊಪ್ಪನೆ ಬಿತ್ತು. ಅದರಲ್ಲಿ ಆ ನೃತ್ಯಶಾಲೆಯ ಗುರು, ಈಗ ಮಣ್ಣಾಗಲಿದ್ದ ಯಶೋಧರಾ ಟೀಚರ್ ನಗುತ್ತಿದ್ದರು. ಕೆಳಗೆ ದಪ್ಪ ಅಕ್ಷರಗಳಲ್ಲಿ, ‘ನಾಟ್ಯ ವಿದುಷಿ. ತಂಜಾವೂರಿನ ಗುರುಕುಲದಲ್ಲಿ ನಾಲ್ಕು ವರ್ಷ ಅಭ್ಯಾಸ, ೧೯೯೯ರಿಂದ ೨೦೦೩.’

ಪೂನಮಳ ಕಣ್ಣು ಬೇವಿನ ಮರದ ಕಡೆಗಿತ್ತು. ಟೀಚರ್ ಮದುವೆಯಾದವರಲ್ಲ, ಮೊದಲ ಹಿಡಿ ಮಣ್ಣು ಒಡಹುಟ್ಟಿದ ತಮ್ಮ ರಾಜರತ್ನನದು. ಕುಣಿ ಸಿದ್ಧವಾಗಿತ್ತು, ಮೇಣದಬತ್ತಿಗಳು ಉರಿಯುತ್ತಿದ್ದವು, ಬಿಳಿ ಸೀರೆಯ ಹೆಂಗಸರು ‘ಬುದ್ಧಂ ಶರಣಂ’ ಎಂದು ತ್ರಿಶರಣ ಹೇಳಿ ಮುಗಿಸಿದ್ದರು. ಆತ ಮಾತ್ರ ಮರದ ಬುಡ ಬಿಟ್ಟು ಕದಲಿರಲಿಲ್ಲ.

ಅರ್ಧ ಗಂಟೆಯ ಹಿಂದೆ ಪೂನಮಳೇ ಹೋಗಿ ಕರೆದಿದ್ದಳು.

“ಕಾಕಾ, ಬರ್ರಿ. ಎಲ್ಲಾರೂ ಕಾಯಾಕತ್ತಾರ.”

“ನಾ ಮಣ್ಣು ಹಾಕಂಗಿಲ್ಲ ತಂಗಿ. ಆ ನಾಕು ವರ್ಷ ನಮ್ಮವ್ವ ಇಲ್ಲೇ ತಿಕೋಟಾದಾಗ ಲಕ್ವಾ ಹೊಡದು ಹಾಸಗ್ಯಾಗ ಬಿದ್ದಿದ್ಲು. ನಾನ ಎತ್ತಿ ತೊಳದೀನಿ. ಈಕಿ ಏನಂದ್ಲು? ಹೊಲಿಗಿ ಮಿಷನ್ ಕೆಲಸ ಐತಿ, ಬರಾಕ ಆಗಂಗಿಲ್ಲಂತ ಔಷಧಿ ರೊಕ್ಕ ಅಷ್ಟ ಕಳಸಿದ್ಲು. ಪೇಪರಿನ್ಯಾಗ ಬಂದ ಮ್ಯಾಲ ಗೊತ್ತಾತು, ತಂಜಾವೂರಿನ್ಯಾಗ ಕುಣ್ಯಾಕತ್ತಿದ್ಲು. ಎಂಟು ವರ್ಷಾತು, ನಾ ಆಕಿ ಜೋಡಿ ಮಾತಾಡಿಲ್ಲ.”

“ಟೀಚರ್ ಏನೂ ಹೇಳಲಿಲ್ಲೇನ್ರಿ?”

“ಹೇಳಿದ್ಲು, ಸುಳ್ಳ ಅದು ಅಂತ. ಪೇಪರಿನವ್ರಿಗೇನು ಹುಚ್ಚು ಹಿಡದಿತ್ತೇನು, ಇಸವಿ ಹಾಕಿ ಸುಳ್ಳು ಬರ್ಯಾಕ?”

ಪೂನಮ ಶವವಾಹನದತ್ತ ತಿರುಗಿದಳು. ಆ ಪೇಪರಿನವಳು ತಾನೇ.

*

ಎಂಟು ವರ್ಷಗಳ ಹಿಂದೆ, ವಿಜಯಪುರದ ಜೋರಾಪುರ ಪೇಟೆಯ ಒಂದು ಕಿರಿದಾದ ಕೋಣೆ. ಗೋಡೆಗೆ ಹೊಲಿಗೆ ಯಂತ್ರ, ಅದರ ಸುತ್ತ ನೆಲದ ಮೇಲೆ ಆರು ಹುಡುಗಿಯರು. ಯಶೋಧರಾ ಕಾಲಿನಿಂದ ಯಂತ್ರ ತುಳಿಯುತ್ತ, ಬಾಯಿಂದ ತಾಳ ಹೇಳುತ್ತಿದ್ದರು.

“ನಿಮ್ಮ ಗುರುಗಳು ಯಾರ್ರಿ?” ಹೊಸದಾಗಿ ಅಂಕಣ ಹಿಡಿದಿದ್ದ ಪೂನಮ ಪೆನ್ನು ಎತ್ತಿ ಕೇಳಿದಳು.

“ಯಾರೂ ಇಲ್ಲವ್ವಾ. ಇಪ್ಪತ್ತು ವರ್ಷ ಭರತನಾಟ್ಯದ ಡ್ರೆಸ್ ಹೊಲದೇನಿ. ಮುಂದಿನ ನೆರಿಗಿ ಬೀಸಣಿಗಿ ಹಂಗ ಬಿಚ್ಚಬೇಕಂದ್ರ, ಹುಡುಗ್ಯಾರನ್ನ ಇಲ್ಲೇ ನಿಲ್ಲಿಸಿ ಹೆಜ್ಜಿ ಹಾಕಿಸಿ ಅಳತಿ ತಗೋಬೇಕು. ಒಬ್ಬೊಬ್ಬಾಕಿ ಕಡಿಂದ ಹತ್ತು ಸಲ ಹಾಕಿಸ್ತಿದ್ದೆ. ಹರದ ಬಂದ ಡ್ರೆಸ್ ನೋಡಿದ್ರ ಸಾಕು, ಯಾವ ಹೆಜ್ಜಿ ತಪ್ಪ್ಯಾಳ ಅಂತ ಹೇಳ್ತೇನಿ.”

“ಹರದದ್ದು ನೋಡಿ?”

“ಮೊಣಕಾಲು ಒಳಗ ಬಿದ್ರ ಹೊಲಿಗಿ ಎಡಕ್ಕ ಬಿಡ್ತೈತಿ. ಹಿಮ್ಮಡ ಎತ್ತಿ ಇಟ್ರ ಅಂಚು ಸೀಳ್ತೈತಿ. ಅರಿವಿ ಸುಳ್ಳು ಹೇಳಂಗಿಲ್ಲ ಬೇ.”

ಪೂನಮ ಅದನ್ನೆಲ್ಲ ಬರೆದುಕೊಂಡು ಹೋದಳು. ಸಂಪಾದಕರು ತಿರುಗಿಸಿ ಕಳಿಸಿದರು: ‘ಗುರು’ ಎಂಬ ಸಾಲು ಖಾಲಿ ಇದ್ದರೆ ಪರಿಚಯ ಅಚ್ಚಾಗದು, ಇಸವಿಯೂ ಬೇಕು. ಟೀಚರ್ ಹೇಳಿದ ಬದುಕಿನ ವಿವರಗಳಲ್ಲಿ ನಾಲ್ಕೇ ವರ್ಷಗಳಿಗೆ ಯಾವ ಸಂಗತಿಯೂ ಇರಲಿಲ್ಲ. ಪೂನಮ ಅವುಗಳಲ್ಲಿ ತಂಜಾವೂರನ್ನು ತುಂಬಿದಳು. ಆ ವರ್ಷಗಳಲ್ಲಿ ಹೇಳುವಂಥದ್ದೇನೂ ಇರಲಿಲ್ಲವೆಂದರೆ, ಆಕೆ ತಾಯಿಯ ಔಷಧಿಗಾಗಿ ಕತ್ತೆತ್ತದೆ ಹೊಲಿಯುತ್ತಿದ್ದರೆಂದೇ ಅರ್ಥ. ಅದನ್ನು ಯಾರು ಊಹಿಸಬೇಕು?

ಪತ್ರಿಕೆ ಬಂದ ಮರುದಿನ ಯಶೋಧರಾ ಹೇಳಿದರು: “ಇದನ್ನ ತಿದ್ದವ್ವಾ.”

“ಮುಂದಿನ ವಾರ ತಿದ್ದತೇನ್ರಿ.”

ಆ ವಾರದೊಳಗೆ ಮದುವೆ ಶಾಮಿಯಾನದ ವ್ಯಾಪಾರದಲ್ಲಿದ್ದ ಅಜಿತ ಪರಿಚಯ ಓದಿ, ನೃತ್ಯಶಾಲೆ ತೆರೆದು, ಟೀಚರರನ್ನು ಕರೆದೊಯ್ದ. ತಿದ್ದಬೇಕೆಂದು ಅವನಲ್ಲೂ ಆಕೆ ಹೇಳಿಕೊಂಡರು. “ಇರಲಿ ಬಿಡ್ರಿ ಟೀಚರ್, ಪಾಲಕರು ಅದನ್ನ ಕೇಳ್ತಾರ,” ಎಂದ. ಪೂನಮ ಅಲ್ಲಿಯೇ ಆಕೆಯ ಬಳಿ ಕಲಿತಳು, ಕಲಿಸತೊಡಗಿದಳು. ಮುಂದಿನ ವಾರ ಬರಲೇ ಇಲ್ಲ. ತಂಜಾವೂರಿನ ಬಗ್ಗೆ ಯಾರಾದರೂ ಕೇಳಿದರೆ ಟೀಚರ್ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗುತ್ತಿದ್ದರು. ರಾಜರತ್ನ ಮಾತು ಬಿಟ್ಟದ್ದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.

*

“ಬಬಲೇಶ್ವರದಾಗ ಹದಿನೆಂಟು ಮಂದಿ ತಾಯಂದಿರು ಆ ತಂಜಾವೂರು ನೋಡಿ ಹೆಸರು ಹಚ್ಚ್ಯಾರ,” ಅಜಿತ ದನಿ ತಗ್ಗಿಸಿದ. “ಅವ್ರ ಶಿಷ್ಯಳು ಅಂತನ ನಿಮಗ ಶಾಖೆ ಕೊಟ್ಟೇನಿ. ಬಾಯಿ ಬಿಟ್ರ ಮೊದಲ ಮುಳುಗಾವ್ರು ನೀವು.”

“ಗೊತ್ತೈತ್ರಿ.”

ಪೂನಮ ಕುಣಿಯ ಅಂಚಿಗೆ ಹೋಗಿ ನಿಂತಳು. ಜೋರಾಪುರ ಪೇಟೆಯಲ್ಲಿ ಟೀಚರರ ಪಕ್ಕದ ಮನೆಯ ಮುದುಕಿ ಪರಸವ್ವ ಮೂಗಿಗೆ ಸೆರಗು ಹಿಡಿದು, “ಏನ ಬೇ, ಭಾಷಣ ಮಾಡ್ತೀಯೇನು? ಬಿಸಲ ಏರೇತಿ, ಸಣ್ಣದು ಮಾಡು,” ಎಂದಳು.

“ಸಣ್ಣದ ಐತ್ರಿ ಅವ್ವಾ.” ಆಕೆ ಮರದ ಕಡೆಗೆ ತಿರುಗಿ ದನಿ ಎತ್ತಿದಳು. “ಟೀಚರ್ ತಂಜಾವೂರಿಗೆ ಹೋಗಿಲ್ರಿ. ಒಂದು ದಿನಾನೂ ಹೋಗಿಲ್ಲ. ಪೇಪರಿನ್ಯಾಗ ಅದನ್ನ ಬರದಾಕಿ ನಾನು. ಇಸವಿನೂ ನಾನ ಹಾಕೇನಿ. ತಿದ್ದು ಅಂತ ಅವರು ಹೇಳಿದ್ರು, ತಿದ್ದಲಿಲ್ಲ. ಆ ನಾಕು ವರ್ಷ ಅವರು ಜೋರಾಪುರ ಪೇಟ್ಯಾಗ ಮಿಷನ್ ಮುಂದ ಕುಂತಿದ್ರು, ಔಷಧಿ ರೊಕ್ಕಕ್ಕ. ಅವ್ರ ಗುರು ಅಂದ್ರ ಹರದ ಅರಿವಿ. ನಾ ಹೊಲಿಗ್ಯಾಕಿ ಶಿಷ್ಯಳು.”

ಪರಸವ್ವ ನಿಧಾನವಾಗಿ ಅಂದಳು: “ಖರೆ ಐತಿ. ಆ ನಾಕು ವರ್ಷ ಮಿಷನ್ ಸಪ್ಪಳಕ್ಕ ನನಗ ಮಧ್ಯಾಹ್ನ ನಿದ್ದಿ ಇಲ್ಲ. ಬೈದೇನಿ ಸೈತ.”

ರಾಜರತ್ನ ಬಂದ. ಪೂನಮಳ ಎದುರು ನಿಂತ. ಹೊಡೆಯುತ್ತಾನೇನೋ ಎಂದು ಮುನಾಫ ಒಂದು ಹೆಜ್ಜೆ ಮುಂದಿಟ್ಟ.

“ಒಂದು ಸಾಲು ತಿದ್ದಾಕ ಎಂಟು ವರ್ಷ ಬೇಕಾತೇನ ತಂಗಿ?”

“ಹೌದ್ರಿ ಕಾಕಾ. ತಪ್ಪು ನಂದು.”

ಆತ ಕುಣಿಯ ಕಡೆ ತಿರುಗಿದ. ಬಗ್ಗಿ ಒಂದು ಹಿಡಿ ಎರೆಮಣ್ಣು ತೆಗೆದುಕೊಂಡು, ಅದರೊಳಗಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಹೊರಗೆಸೆದು, ಉಳಿದ ಮೆತ್ತನೆಯ ಮಣ್ಣನ್ನು ಅಕ್ಕನ ಮೇಲೆ ಬಿಟ್ಟ.

ಪೂನಮ ಅಲ್ಲಿಯೇ ನಿಂತು ತಿದ್ದುಪಡಿಯನ್ನು ಮೊಬೈಲಿನಲ್ಲಿ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಪತ್ರಿಕೆಗೆ ಕಳಿಸಿದಳು.

“ಸೋಮವಾರ ಬಬಲೇಶ್ವರಕ್ಕ ಬರಬ್ಯಾಡ್ರಿ,” ಎಂದ ಅಜಿತ.

“ಸೋಮವಾರ ಯಾಕ್ರಿ ಸರ, ಈಗ ಹೊಂಟೇನಿ. ಪೇಪರ್ ಮುಟ್ಟೂದರೊಳಗ ಹದಿನೆಂಟೂ ಮನಿಗೆ ನಾನ ಹೇಳಬೇಕು. ಅದರ ಮ್ಯಾಲ ಮಕ್ಕಳನ್ನ ಕಳಸೂದು ಬಿಡೂದು ಅವ್ರಿಗೆ ಬಿಟ್ಟದ್ದು.”

ರಸ್ತೆಗೆ ಬಂದು ಕೈ ಮಾಡಿ ಟಂಟಂ ನಿಲ್ಲಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮಹಾಶಯರೇ, ಈ ಕತೆ ಹೇಳುವವನೂ ತನ್ನ ಗಂಟುಮೂಟೆ ಕಟ್ಟಿಕೊಂಡು ಅದೇ ಗಾಡಿಯ ಹಿಂದಿನ ಹಲಗೆ ಹಿಡಿದ. ಗಾಡಿ ಹೊರಳಿದಾಗ ಸ್ಮಶಾನ ಮತ್ತೊಮ್ಮೆ ಕಾಣಿಸಿತು. ಜನ ಚದುರಿದ್ದರು. ಕುಣಿ ತೋಡಿದವರು ಸಲಿಕೆಗಾಗಿ ಕೈ ಚಾಚಿ ನಿಂತಿದ್ದರು. ರಾಜರತ್ನ ಅವರಿಗೆ ಅದನ್ನು ಕೊಡದೆ, ಅಂಗಿ ಕಳಚಿಟ್ಟು, ಒಬ್ಬನೇ ಕುಣಿ ಮುಚ್ಚುತ್ತಿದ್ದ.