ಶನಿವಾರದ ಹಾಡಿನ ಕರ್ತೃ

ನಾದವನ್ನೇ ಮೈಯಾಗಿ, ಮೌನವನ್ನೇ ಉಸಿರಾಗಿ ಉಳ್ಳ ವಾಗ್ದೇವಿಗೆ ನಮಸ್ಕಾರ. ಹೇಳುವ ನಾಲಗೆಯಲ್ಲಿ ಹುಸಿಯೂ ಕೇಳುವ ಕಿವಿಯಲ್ಲಿ ಬೇಸರವೂ ಸುಳಿಯದಂತೆ ಆ ತಾಯಿ ಕಾಯಲಿ.

ನಮ್ಮೂರ ಪುರಭವನದ ಜಗಲಿಯಲ್ಲಿ ಗೋಣಿ ಹೊದಿಸಿದ ಒಂದು ಕರಿಗಲ್ಲು ಗೋಡೆಗೆ ಒರಗಿ ನಿಂತಿತ್ತು. ಕನ್ನಡಿಯಂತೆ ಉಜ್ಜಿದ ಆ ಕಲ್ಲಿನ ಮೇಲೆ ಒಂದಕ್ಷರವೂ ಇರಲಿಲ್ಲ. ಕೆತ್ತಬೇಕಾದ ಹೆಸರನ್ನು ನಾನು ಹೇಳಬೇಕಿತ್ತು. ಹೇಳಲಾರದೆ ನಾನು ಪಟ್ಟ ಪಾಡನ್ನು ತರ್ಕಗ್ರಂಥಗಳ ಯಾವ ಕಗ್ಗಂಟಿನಲ್ಲೂ ಪಟ್ಟವನಲ್ಲ.

ಹೊಳೆ ಕಡಲನ್ನು ಸೇರುವ ಅಳಿವೆಯ ದಡದಲ್ಲಿ ಬಂದರಿನ ಕ್ಲಬ್ಬು ಇತ್ತು. ಅಲ್ಲಿ ಪ್ರತಿ ಶನಿವಾರ ಸಂಜೆ ಪಾಸ್ಕಲರು ಪಿಯಾನೊ ನುಡಿಸುತ್ತಿದ್ದರು, ಬೊನಿಫಾಸರು ಟ್ರಂಪೆಟ್ ಊದುತ್ತಿದ್ದರು. ಅವರು ನುಡಿಸುತ್ತಿದ್ದುದು ಜಾಝ್. ಅದರಲ್ಲೊಂದು ಹಾಡು ಅಲ್ಲೇ ಹುಟ್ಟಿ, ಹಡಗಿನವರ ಬಾಯಿಗೆ ಬಿದ್ದು, ದೂರದ ಬಂದರುಗಳಲ್ಲೆಲ್ಲ ಮನೆಮಾಡಿ, ಬೇರೆ ಬೇರೆ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಮರಳಿ ನಮ್ಮೂರಿಗೇ ಬಂದಿತ್ತು. ಜಾಝ್ ಬಲ್ಲವನಿಗೆ ಆ ಹಾಡು ಬಾರದಿದ್ದರೆ ಅವನನ್ನು ಯಾರೂ ವಾದ್ಯಗಾರನೆಂದು ಎಣಿಸುತ್ತಿರಲಿಲ್ಲವಂತೆ. ನಮ್ಮೂರಿನವರು ಮಾತ್ರ ಅದನ್ನು ಸುಮ್ಮನೆ 'ಶನಿವಾರದ ಹಾಡು' ಎನ್ನುತ್ತಿದ್ದರು.

ಪುರಭವನದ ಸಮಿತಿಯ ಅಧ್ಯಕ್ಷರಾದ ಉಪೇಂದ್ರ ಕಾಮತರು ಆ ಹಾಡಿನ ಹೆಸರಿನಲ್ಲಿ ಕಲ್ಲು ನೆಡಿಸಲು ನಿಶ್ಚಯಿಸಿದರು. ಕಟ್ಟಿದವರು ಪಾಸ್ಕಲರೋ ಬೊನಿಫಾಸರೋ ಎಂದು ನಿರ್ಣಯಿಸುವ ಹೊರೆ ನನ್ನ ತಲೆಗೆ ಬಂತು. "ಓಲೆಗರಿ ನೋಡಿ ಯಾವುದು ಯಾವ ಕವಿಯದ್ದು ಅಂತ ಹೇಳ್ತೀರಿ. ಇದೆಂತ ಮಹಾ, ಶಾಸ್ತ್ರಿಗಳೇ?" ಎಂದರು ಕಾಮತರು. ನಾನೂ ಹಾಗೆಯೇ ತಿಳಿದೆ. ಪಾಠಾಂತರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರೆ ಮೂಲಪಾಠ ಸಿಕ್ಕೇ ಸಿಗುತ್ತದೆ. ಮೂಲ ಸಿಕ್ಕರೆ ಕರ್ತೃವಿನ ಕೈಗುರುತು ತಾನಾಗಿ ತೋರುತ್ತದೆ.

ಸಂಧ್ಯಾವಂದನೆ ಮುಗಿಸಿ ಕ್ಲಬ್ಬಿನ ಹೊರಜಗಲಿಯ ಬೆಂಚಿನ ಮೇಲೆ ಕಿಟಕಿಗೆ ಕಿವಿಕೊಟ್ಟು ಕುಳಿತೆ. ಮದ್ಯದ ವಾಸನೆಯನ್ನು ಸಹಿಸಿದೆ. ಆದರೆ ಆ ಹಾಡಿನ ಚಂಚಲತೆಯನ್ನು ಸಹಿಸುವುದು ನನ್ನಿಂದಾಗಲಿಲ್ಲ. ಮೊದಲು ರಾಗವನ್ನು ನೇರವಾಗಿ ಹೇಳುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಬಿಟ್ಟು ಎಲ್ಲೆಲ್ಲೋ ಅಲೆಯುತ್ತಿದ್ದರು. ಒಂದು ವಾರದ್ದು ಮತ್ತೊಂದು ವಾರಕ್ಕಿಲ್ಲ. ವೇದಪಾಠದಲ್ಲಿ ಒಂದು ಸ್ವರ ಜಾರಿದರೆ ಗುರುಗಳು ಕಣ್ಣಲ್ಲೇ ಸುಡುತ್ತಿದ್ದ ಶಾಲೆಯಲ್ಲಿ ಬೆಳೆದವನು ನಾನು. ಇಲ್ಲಿ ಜಾರಿದಷ್ಟೂ ಚಪ್ಪಾಳೆ! ಎಲ್ಲಕ್ಕಿಂತ ಹೆಚ್ಚು ರೇಗಿಸಿದ್ದು ಅದರ ಕೊನೆ. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಕಡೆಗೆ ದಣಿದು ಬಿಡುತ್ತಿದ್ದರೇ ಹೊರತು ಮುಗಿಸುತ್ತಿರಲಿಲ್ಲ.

ಈ ನಡುವೆ ಎವ್ಜಿನ್ ಬಾಯಿ ಎಂಬ ವೃದ್ಧೆ ನನ್ನ ಮನೆಯ ಮೆಟ್ಟಿಲು ಹತ್ತತೊಡಗಿದರು. ಇಗರ್ಜಿಯ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದು ಬಟ್ಟೆ ಹೊಲಿಯುತ್ತಿದ್ದವರು.

"ಆ ಕಲ್ಲಿನಲ್ಲಿ ನನ್ನ ತಮ್ಮನ ಹೆಸರು ಬರಬೇಕು, ಶಾಸ್ತ್ರಿಗಳೇ. ಲಿಗೋರಿ ಅಂತ."

"ಹಾಡು ಕಟ್ಟಿದವರು ಅವರೇನು?"

"ಅಲ್ಲ."

"ಹಾಡಿದವರು?"

"ಒಮ್ಮೆಯೂ ಹಾಡಲಿಲ್ಲ."

"ಹಾಗಾದರೆ ಯಾವ ನ್ಯಾಯದ ಮೇಲೆ, ಬಾಯಮ್ಮ?"

"ಅದನ್ನು ಆ ಇಬ್ಬರ ಹತ್ತಿರ ಕೇಳಿ. ನನ್ನ ಬಾಯಲ್ಲಿ ಬರುವುದಿಲ್ಲ." ಹಾಗೆಂದು ಇಳಿದುಹೋಗುವರು, ಎರಡು ದಿನ ಬಿಟ್ಟು ಮತ್ತೆ ಬರುವರು, ಅದೇ ಮಾತು.

ನಾನು ಪಾಸ್ಕಲರನ್ನು ಕೇಳಿದೆ. "ಅಯ್ಯೋ, ಅದು ನನ್ನದಲ್ಲ. ಬೊನಿಫಾಸನದ್ದು," ಎಂದರು. ಬೊನಿಫಾಸರಲ್ಲಿಗೆ ಹೋದೆ. "ಪಾಸ್ಕಲ್ ಹಾಗೆ ಹೇಳಿದನಾ? ದೊಡ್ಡ ಸುಳ್ಳ ಅವ! ಪೂರಾ ಅವನದ್ದೇ ಮಾರಾಯ್ರೆ, ಬೇಕಾದರೆ ಬರೆದುಕೊಳ್ಳಿ," ಎಂದರು. ಪರರ ಶ್ಲೋಕವನ್ನು ತಮ್ಮದೆನ್ನುವವರನ್ನು ಬೇಕಾದಷ್ಟು ಕಂಡಿದ್ದೆ. ಲೋಕವೇ ಮೆಚ್ಚಿದ್ದನ್ನು ಎಂಜಲೆಲೆಯಂತೆ ಅತ್ತಿಂದಿತ್ತ ಸರಿಸುವವರನ್ನು ಕಂಡಿರಲಿಲ್ಲ. ಅತ್ತ ಕಾಮತರು ದಾರಿಯಲ್ಲಿ ಸಿಕ್ಕಾಗಲೆಲ್ಲ, "ಕಲ್ಲಿಗೆ ಪಾಚಿ ಹಿಡಿಯುತ್ತದೆ ಶಾಸ್ತ್ರಿಗಳೇ!" ಎಂದು ಚುಚ್ಚುತ್ತಿದ್ದರು.

ಒಂದು ಶನಿವಾರ, ವಾದ್ಯ ತೊಡಗುವ ಮೊದಲೇ ಇಬ್ಬರನ್ನೂ ಕ್ಲಬ್ಬಿನ ಜಗಲಿಗೆ ಕರೆಸಿದೆ. ನನ್ನ ಸಹನೆ ತೀರಿತ್ತು. "ಇಬ್ಬರಲ್ಲೊಬ್ಬರು ಹುಸಿ ನುಡಿಯುತ್ತಿದ್ದೀರಿ. ಅತ್ತ ಆ ತಾಯಿ ನನ್ನ ಹೊಸ್ತಿಲು ಸವೆಸುತ್ತಿದ್ದಾರೆ. ಯಾರು ಆ ಲಿಗೋರಿ?" ಎಂದೆ.

ಇಬ್ಬರೂ ಹೊಳೆಯ ಕಡೆ ನೋಡಿದರು. ಪಾಸ್ಕಲರು ಮೆಲ್ಲಗೆ ಹೇಳಿದರು: "ನಮ್ಮ ಹಾಡುಗಾರ. ವರ್ಷಗಳ ಹಿಂದೆ ಒಂದು ಶನಿವಾರ ಆಚೆ ದಡದಲ್ಲಿ ಮದುವೆಗೆ ಹೋಗಿದ್ದ. ಸಂಜೆ ಬರುತ್ತೇನೆ ಅಂದಿದ್ದ. ಜನ ತುಂಬಿದರು, ಇವನ ಸುದ್ದಿಯೇ ಇಲ್ಲ. ನಾನು ಬೊನಿಫಾಸನಿಗೆ ಹೇಳಿದೆ, ಅವನು ಬರುವವರೆಗೆ ಏನಾದರೂ ಊದು ಅಂತ."

"ನಾನು ಊದಿದ್ದು ನಾಲ್ಕು ಸ್ವರ. ಅದಕ್ಕೆ ಬಾಲ ಕಟ್ಟಿದ್ದು ಇವ," ಎಂದರು ಬೊನಿಫಾಸರು.

"ಬಾಲ ಅಲ್ಲವೋ, ತಲೆ ನೀನೇ ಕೊಟ್ಟದ್ದು!"

"ಹೋಗಲಿ. ಮುಗಿಸಿದರೆ ಜನ ಎದ್ದುಹೋಗುತ್ತಾರಲ್ಲ, ಮುಗಿಸಲಿಕ್ಕೇ ಬಿಡಲಿಲ್ಲ. ಇವನು ಬಿಟ್ಟರೆ ನಾನು ಹಿಡಿಯುವುದು, ನಾನು ಬಿಟ್ಟರೆ ಇವನು. ಈಗ ಬಂದ, ಇನ್ನೇನು ಬಂದ ಅಂತ. ಜನ ಕುಣಿದರು ಶಾಸ್ತ್ರಿಗಳೇ! ಅಂಥ ಚಪ್ಪಾಳೆ ನಾವು ಕೇಳಿರಲೇ ಇಲ್ಲ." ಬೊನಿಫಾಸರ ಧ್ವನಿ ಅಲ್ಲಿಗೆ ಕುಸಿಯಿತು. "ಆ ಹೊತ್ತಿಗೆ ಅಳಿವೆಯಲ್ಲಿ ಅವನ ದೋಣಿ ಮಗುಚಿತ್ತು. ದೋಣಿ ಸಿಕ್ಕಿತು. ಅವನು ಸಿಗಲಿಲ್ಲ."

"ಅವನು ಕೂಗಿದ್ದರೆ ಕೇಳುತ್ತಿತ್ತೋ ಏನೋ, ನಾವು ಬಾರಿಸದಿದ್ದರೆ," ಎಂದರು ಪಾಸ್ಕಲರು. "ಅದನ್ನು ನನ್ನದು ಅಂತ ಯಾವ ಬಾಯಲ್ಲಿ ಹೇಳುವುದು?"

ದೇಹ ಸಿಗದವನಿಗೆ ಸಮಾಧಿಯಿಲ್ಲ. ಸಮಾಧಿಯಿಲ್ಲದವನ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಎವ್ಜಿನ್ ಬಾಯಿ ಕೇಳುತ್ತಿದ್ದುದು ಇಷ್ಟನ್ನೇ. ಆ ಹಾಡು ಪರದೇಶಗಳ ಬಂದರುಗಳಲ್ಲೂ ಬಾಡದೆ ಉಳಿದುದರ ಗುಟ್ಟೂ ನನಗಾಗ ಹೊಳೆಯಿತು. ಬಂದರೆಂದರೆ ಕಾಯುವವರ ಊರು. ದಾರಿ ನೋಡುವ ಮನಸ್ಸಿಗೆ ಒಂದೇ ಮೂಲಪಾಠ ಎಲ್ಲಿಯದು?

ಕೆತ್ತಬೇಕಾದ ಹೆಸರು ಆಗ ನನಗೆ ಸಿಕ್ಕಿತು. ಸಮಿತಿಯೆದುರು ನಿಂತು ವಾದಿಸಿದೆ: "ಮಂತ್ರವನ್ನು ಹೇಳುವಾಗ ನಾವು ಅದನ್ನು ಕಂಡ ಋಷಿಯನ್ನಷ್ಟೇ ನೆನೆಯುವುದಿಲ್ಲ, ಯಾರನ್ನು ಕುರಿತು ಹೇಳಿದ್ದೋ ಆ ದೇವತೆಯನ್ನೂ ನೆನೆಯುತ್ತೇವೆ. ಸ್ತೋತ್ರಗಳಿಗೆ ಸ್ತುತಿಸಿಕೊಂಡವರ ಹೆಸರೇ ಹೆಸರು. ಈ ಹಾಡು ಲಿಗೋರಿಯನ್ನು ಕರೆದ ಕರೆ. ಆದ್ದರಿಂದ ಕಲ್ಲಿನ ಮೇಲೆ ಅವನ ಹೆಸರೇ ಸಲ್ಲುತ್ತದೆ."

ಕಾಮತರು ನಕ್ಕುಬಿಟ್ಟರು. "ಬರೆಯದವ, ಊದದವ, ಹಾಡದವ! ಅವನ ಹೆಸರು ಹಾಕುವುದಾದರೆ ನನ್ನ ಅಜ್ಜನದ್ದೂ ಹಾಕಬಹುದಲ್ಲ? ಅವರೂ ಏನೂ ಮಾಡಿದವರಲ್ಲ." ಸಭೆಯೂ ನಕ್ಕಿತು. ಮೀಮಾಂಸೆಯ ಯುಕ್ತಿಗಳನ್ನೆಲ್ಲ ತಂದು ಸುರಿದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಕೊನೆಗೆ ಆ ಕಲ್ಲಿನ ಮೇಲೆ ಮೂಡಿದ್ದು 'ನಮ್ಮೂರ ಜಗತ್ಪ್ರಸಿದ್ಧ ಗೀತೆಯ ಸ್ಮರಣಾರ್ಥ' ಎಂಬ ಸಾಲು. ಅದರ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರಗಳಲ್ಲಿ, ಅಧ್ಯಕ್ಷರ ಮತ್ತು ಸದಸ್ಯರ ನಾಮಾವಳಿ.

ಸುದ್ದಿ ಹೇಳಲು ನಾನೇ ಎವ್ಜಿನ್ ಬಾಯಿಯ ಮನೆಗೆ ಹೋದೆ. ಅವರು ಸೂಜಿಯಿಂದ ಕಣ್ಣೆತ್ತಲಿಲ್ಲ. "ಇಷ್ಟೆಲ್ಲ ಓದಿದ್ದೀರಿ. ಒಂದು ಹೆಸರು ಹಾಕಿಸಲಿಕ್ಕೆ ಆಗಲಿಲ್ಲ ನಿಮ್ಮಿಂದ."

ನೂಲು ಕಡಿದು ಅವರೇ ಮತ್ತೆ ಕೇಳಿದರು: "ಅದು ಹೇಗುಂಟು?"

"ಯಾವುದು, ಬಾಯಮ್ಮ?"

"ಆ ಹಾಡು. ನಾನು ಕೇಳಿದವಳಲ್ಲ. ಶನಿವಾರ ಬಂತೆಂದರೆ ಕಿಟಕಿ ಮುಚ್ಚುತ್ತೇನೆ."

ಲೋಕವೆಲ್ಲ ಬಲ್ಲ ಹಾಡನ್ನು ಕೇಳದೆ ಉಳಿದವರು ಅವರೊಬ್ಬರೇ. "ಬರುವಿರಾದರೆ ನಾನು ಜೊತೆಗಿರುತ್ತೇನೆ," ಎಂದೆ.

ಆ ಶನಿವಾರ ನಾವು ಕ್ಲಬ್ಬಿನ ಬಾಗಿಲು ತಲುಪಿದಾಗ ಹಾಡು ಬಹಳ ದೂರ ಸಾಗಿ ದಣಿವಿನ ಹಂತಕ್ಕೆ ಬಂದಿತ್ತು. ಎವ್ಜಿನ್ ಬಾಯಿ ಹೊಸ್ತಿಲಲ್ಲಿ ನಿಂತದ್ದನ್ನು ಬೊನಿಫಾಸರು ಮೊದಲು ಕಂಡರು. ಟ್ರಂಪೆಟ್ ತುಟಿಯಿಂದ ಜಾರಿತು. ಇನ್ನು ನಿಲ್ಲುತ್ತದೆ ಎಂದುಕೊಂಡೆ. ಪಾಸ್ಕಲರ ಕೈ ನಿಲ್ಲಲಿಲ್ಲ. ನುಡಿಸುತ್ತಲೇ ಅವರು ಬೆಂಚಿನ ತುದಿಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಎವ್ಜಿನ್ ಬಾಯಿ ಯಾರ ಮುಖವನ್ನೂ ನೋಡದೆ ನಡೆದುಹೋಗಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿ ಕುಳಿತರು. ಆಗ ಪಾಸ್ಕಲರು, ತಡವಾಗಿ ಬಂದವರಿಗೆ ಕತೆಯನ್ನು ಮೊದಲಿನಿಂದ ಹೇಳುವವರಂತೆ, ಆ ಹಾಡಿನ ಮೊದಲ ನಾಲ್ಕು ಸ್ವರಗಳನ್ನು ಒಂದೊಂದಾಗಿ, ನಿಧಾನವಾಗಿ ಒತ್ತಿದರು.

ಇದನ್ನು ಓದಿದವರಿಗೂ ಕೇಳಿದವರಿಗೂ ಮಂಗಳವಾಗಲಿ. ನೀವು ಯಾರ ದಾರಿ ಕಾಯುತ್ತಿರುವಿರೋ ಅವರು ಕ್ಷೇಮವಾಗಿ ಹೊಳೆ ದಾಟಿ ಬರಲಿ.